ಎಲ್ಲರಿಗೂ ತೆರೆದ ಪ್ರಾಣಿಶಾಸ್ತ್ರ ಪತ್ರಿಕೆ

ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಹಲವು ವರ್ಷ ಕುಳಿತು, ಆ ಬಳಿಕ ಪತ್ರಿಕೆಯ ಮೇಜಿಗೆ ಬಂದವರು ನಾವು. ಉಂಡವನು ಹಣ ಕೊಡದಿದ್ದರೆ ಮತ್ತೊಬ್ಬನು ಕೊಡಲೇಬೇಕೆಂಬ ಲೆಕ್ಕವು ಎರಡೂ ಕಡೆ ಒಂದೇ. ವಿಜ್ಞಾನ ಪತ್ರಿಕೆಗಳಿಗೂ ಈ ಲೆಕ್ಕ ತಪ್ಪಿದ್ದಲ್ಲ.

ವಿಜ್ಞಾನಿಯೊಬ್ಬನು ಪಶ್ಚಿಮಘಟ್ಟದ ತೊರೆಯಲ್ಲಿ ಹಿಂದೆ ಯಾರೂ ವರ್ಣಿಸದ ಕಪ್ಪೆಯೊಂದನ್ನು ಕಂಡನೆನ್ನಿ. ಅದರ ಅಳತೆ, ಬಣ್ಣ, ಕೂಗುಗಳನ್ನು ಬರೆದು ಸಂಶೋಧನ ಪತ್ರಿಕೆಗೆ ಕಳುಹಿಸುವನು. ಆ ವಿಷಯವನ್ನು ಬಲ್ಲ ಇತರ ವಿದ್ವಾಂಸರು ಪರೀಕ್ಷಿಸಿ ಒಪ್ಪಿದ ಮೇಲೆಯೇ ಅದು ಪ್ರಕಟವಾಗುವುದು. ಬರೆದವನಿಗೆ ಸಂಭಾವನೆಯಿಲ್ಲ, ಪರೀಕ್ಷಿಸಿದವರಿಗೂ ಸಾಮಾನ್ಯವಾಗಿ ಇಲ್ಲ. ಆದರೂ ಅನೇಕ ಪತ್ರಿಕೆಗಳ ಚಂದಾ ಬಲು ದುಬಾರಿ. ಸುಮಾರು 13,000 ಪತ್ರಿಕೆಗಳನ್ನು ಸರಕಾರಿ ವಿದ್ಯಾಸಂಸ್ಥೆಗಳಿಗೆ ಒದಗಿಸಲು ಕೇಂದ್ರ ಸರಕಾರವು 2025ರಿಂದ 2027ರವರೆಗಿನ ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿಗಳನ್ನು 2024ರ ನವೆಂಬರಿನಲ್ಲಿ ಮಂಜೂರು ಮಾಡಿತು. ಕಪ್ಪೆ ಇರುವ ಹಳ್ಳಿಯ ಯುವಕನು ಅಷ್ಟು ಬೆಲೆಯ ವಿದ್ಯೆಯನ್ನು ಕೊಳ್ಳಬಲ್ಲನೆ?

ಇದಕ್ಕೆ ಪರಿಹಾರವಾಗಿ ಹುಟ್ಟಿದ್ದು ಓಪನ್ ಆಕ್ಸೆಸ್, ಅಂದರೆ ಮುಕ್ತ ಪ್ರವೇಶದ ಪದ್ಧತಿ. ಅಂತರಜಾಲದಲ್ಲಿ ಯಾರು ಬೇಕಾದರೂ ಹಣ ಕೊಡದೆ ಓದಬಹುದು. 2002ರ ಬುಡಾಪೆಸ್ಟ್ ಘೋಷಣೆಯು ಈ ತತ್ತ್ವವನ್ನು ಲೋಕಕ್ಕೆ ಸಾರಿತು.

ನಮ್ಮ ನಾಡಿನ ನಂಟಿರುವ ಇಂತಹ ಪತ್ರಿಕೆಯೊಂದಿದೆ. ಯೋಗ ಕಲಿಯಲು ಮೈಸೂರಿಗೆ ಬಂದ ಅಮೆರಿಕೆಯ ಸ್ಯಾಲಿ ವಾಕರ್ ಅವರು ಅಲ್ಲಿಯ ಮೃಗಾಲಯದ ಪ್ರಾಣಿಗಳಿಗೆ ಮನಸೋತರು. ಮೃಗಾಲಯದ ಮಿತ್ರಮಂಡಳಿಯನ್ನು ಕಟ್ಟಿ, 1985ರಲ್ಲಿ ಝೂ ಔಟ್‌ರೀಚ್ ಸಂಸ್ಥೆಯನ್ನು ಸ್ಥಾಪಿಸಿದರು. ಮುಂದೆ ಸಂಸ್ಥೆಯು ಕೊಯಮತ್ತೂರಿನಲ್ಲಿ ನೆಲೆಸಿತು. ಅದರ ಸಂಶೋಧನ ಪತ್ರಿಕೆಯೇ 2009ರಲ್ಲಿ ‘ಜರ್ನಲ್ ಆಫ್ ಥ್ರೆಟನ್ಡ್ ಟ್ಯಾಕ್ಸಾ’ ಎಂಬ ಹೊಸ ಹೆಸರಿನಿಂದ ಹೊರಟಿತು. ಕಪ್ಪೆ, ಮೀನು, ಚಿಟ್ಟೆ, ಬಾವಲಿಗಳಿಂದ ಹಿಡಿದು ದೊಡ್ಡ ಮೃಗಗಳವರೆಗಿನ ಸಂಶೋಧನೆಗಳನ್ನು ಅದರಲ್ಲಿ ಯಾರೂ ಉಚಿತವಾಗಿ ಓದಬಹುದು. ವಾಕರ್ ಅವರು 2019ರಲ್ಲಿ ತೀರಿಕೊಂಡರು, ಪತ್ರಿಕೆ ನಿಲ್ಲಲಿಲ್ಲ.

ಆದರೆ ಲೆಕ್ಕವನ್ನು ಮರೆಯಲಾಗದು. ಅನೇಕ ಮುಕ್ತ ಪತ್ರಿಕೆಗಳು ಲೇಖಕನಿಂದಲೇ ಶುಲ್ಕ ವಸೂಲು ಮಾಡುತ್ತವೆ. ಅಡುಗೆಯವನೇ ಹಣ ತೆತ್ತು ಬಡಿಸಿದ ಹಾಗಾಯಿತು! ಈ ಶುಲ್ಕದ ಆಸೆಗಾಗಿ ಸರಿಯಾದ ಪರೀಕ್ಷೆಯಿಲ್ಲದೆ ಬಂದುದನ್ನೆಲ್ಲ ಪ್ರಕಟಿಸುವ ನಕಲಿ ಪತ್ರಿಕೆಗಳೂ ಹುಟ್ಟಿಕೊಂಡಿವೆ. ಆದ್ದರಿಂದ ಹೊಸ ಪತ್ರಿಕೆ ಹೊರಡಿಸುವವರು ಮೂರು ಪ್ರಶ್ನೆಗಳಿಗೆ ಉತ್ತರ ಸಿದ್ಧಪಡಿಸಿಕೊಳ್ಳಬೇಕು: ಖರ್ಚು ಹೊರುವವರು ಯಾರು? ಲೇಖನ ಪರೀಕ್ಷಿಸುವವರು ಯಾರು? ಹತ್ತು ವರ್ಷದ ಮೇಲೂ ಇದು ಬಾಳುವುದೆ? ಅನ್ನಛತ್ರವೆಂದು ಹಳಸಿದ ಅನ್ನವನ್ನು ಬಡಿಸುವುದು ಧರ್ಮವಲ್ಲ.

ನಮ್ಮ ಹೋಟೆಲುಗಳಲ್ಲಿ ದುಡಿಯುವ ಅನೇಕರು ಘಟ್ಟದ ತಪ್ಪಲಿನ ಹಳ್ಳಿಗಳವರು. ರಜೆಯಲ್ಲಿ ಊರಿಗೆ ಹೋದಾಗ, ಕಾಲೇಜು ಓದುವ ತಮ್ಮ ತಂಗಿಯರಿಗೆ ಈ ಪತ್ರಿಕೆಯ ಹೆಸರನ್ನು ತಿಳಿಸಿರಿ. ಹಿತ್ತಲ ತೊರೆಯ ಕಪ್ಪೆಯು ಅಳಿಯುವ ಮೊದಲು ಅದರ ಸಂಗತಿ ನೆರೆಯವರಿಗೆ ಗೊತ್ತಾಗಲಿ.