ಕಾರ್ಡು ಕೈಯಲ್ಲಿತ್ತು, ಆಸ್ಪತ್ರೆ ದೂರವಿತ್ತು

ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಹೊರಟವರು ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಸಾಗಿ ಸಸ್ತಾಪುರ ಬಂಗ್ಲೆಯ ಬಳಿ ಊರಿನ ಕಡೆಗೆ ತಿರುಗಬೇಕು. ಆ ತಿರುವಿನಲ್ಲಿ ಬಸ್ಸಿಗಾಗಿ ಕಾಯುತ್ತ ನಿಂತಾಗ ನಾನು ಅದೆಷ್ಟೋ ಸಲ ಒಂದು ದೃಶ್ಯವನ್ನು ಕಂಡಿದ್ದೇನೆ. ರೋಗಿಯನ್ನು ಹೊತ್ತ ವಾಹನವೊಂದು ಸೊಲ್ಲಾಪುರದ ಕಡೆಗೆ ಧಾವಿಸುತ್ತಿದ್ದರೆ ಮತ್ತೊಂದು ಹೈದರಾಬಾದಿನ ಕಡೆಗೆ ಧಾವಿಸುತ್ತಿರುತ್ತದೆ. ಎರಡೂ ನಗರಗಳು ನಮ್ಮ ರಾಜ್ಯದ ಗಡಿಯಾಚೆಗಿನವು. ಕಾಯಿಲೆಗೆ ಗಡಿಯೆಂಬುದಿಲ್ಲ, ನಿಜ. ಆದರೆ ಕಾಯಿಲೆಯ ವೆಚ್ಚವನ್ನು ಭರಿಸುವ ಕಾರ್ಡಿಗೆ ಗಡಿಯುಂಟು. ಈ ಮಾತು ನನಗೆ ತಿಳಿದದ್ದು ನನ್ನ ಸೋದರಮಾವನ ದೆಸೆಯಿಂದ.

ಮಾಮಾ ಬಸವಕಲ್ಯಾಣದ ಬಟ್ಟೆಯಂಗಡಿಯೊಂದರಲ್ಲಿ ಲೆಕ್ಕ ಬರೆಯುವವರು. ಎರಡು ವರ್ಷಗಳ ಹಿಂದೆ ಒಂದು ರಾತ್ರಿ ಅವರಿಗೆ ಎದೆನೋವು ಕಾಣಿಸಿಕೊಂಡಿತು. ಮೊದಲು ವಾಯುವೆಂದು ಓಮಿನ ಕಾಳು ತಿಂದರು. ಆಮೇಲೆ ಬೆವರು, ಎಡಗೈ ಸೆಳೆತ. ಗಾಬರಿಗೊಂಡ ಮಗ ನೆರೆಯವರ ಜೀಪಿನಲ್ಲಿ ತಂದೆಯನ್ನು ಮಲಗಿಸಿಕೊಂಡು ಗಡಿಯಾಚೆಯ ದೊಡ್ಡ ನಗರಕ್ಕೆ ನೇರವಾಗಿ ಹೊರಟುಬಿಟ್ಟ. ಊರಿನ ಸರಕಾರಿ ಆಸ್ಪತ್ರೆಯ ಮುಂದಿನಿಂದಲೇ ಜೀಪು ಹೋಯಿತು. ಅಲ್ಲಿ ನಿಲ್ಲಬೇಕೆಂದು ಯಾರಿಗೂ ತೋರಲಿಲ್ಲ.

ಆಸ್ಪತ್ರೆ ಮುಟ್ಟಿದಾಗ ಬೆಳಕು ಹರಿಯುತ್ತಿತ್ತು. ಮುಂಗಡವಾಗಿ 50,000 ರೂಪಾಯಿ ಕಟ್ಟಿಸಿಕೊಂಡು ರಕ್ತನಾಳದಲ್ಲಿ ಎರಡು ಸ್ಟೆಂಟುಗಳನ್ನು ಕೂರಿಸಿದರು. ಜೀವ ಉಳಿಯಿತು. ಆದರೆ ಬಿಡುಗಡೆಯ ದಿನದ ಬಿಲ್ಲು 2,40,000 ರೂಪಾಯಿ. ಅತ್ತೆಯ ಬಂಗಾರ ಹೋಯಿತು, ಬಿ.ಎಸ್‌ಸಿ. ಎರಡನೆಯ ವರ್ಷದಲ್ಲಿದ್ದ ಮಗಳು ಓದು ಬಿಟ್ಟು ಹೊಲಿಗೆ ಯಂತ್ರದ ಮುಂದೆ ಕುಳಿತಳು.

“ಕಾರ್ಡ ಇತ್ತಲ್ಲ ಮಾಮಾ, ತೋರಸ್ಲಿಲ್ಲೇನು?” ಎಂದು ಕೇಳಿದೆ.

“ತೋರಸ್ದೆವಪ್ಪಾ. ಇಲ್ಲಿ ನಡೆಂಗಿಲ್ಲ ಅಂದ್ರು. ಮ್ಯಾಲೆ ಏನ್ ಮಾತಾಡೋದು?” ಎಂದರು.

ಆ ಮನೆಯಲ್ಲಿ ಬಿ.ಪಿ.ಎಲ್. ಪಡಿತರ ಚೀಟಿ ಉಂಟು. 2018ರ ಅಕ್ಟೋಬರಿನಲ್ಲಿ ರಾಜ್ಯದ ಆರೋಗ್ಯ ಕರ್ನಾಟಕ ಮತ್ತು ಕೇಂದ್ರದ ಆಯುಷ್ಮಾನ್ ಭಾರತ ಯೋಜನೆಗಳು ಒಂದಾದ ಮೇಲೆ ಅಂತಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆಯ ರಕ್ಷಣೆ ದೊರೆಯಿತು. ಆದರೆ ಕಾಗದದ ಮೇಲಿನ 5 ಲಕ್ಷಕ್ಕೂ ರೋಗಿಯ ಹಾಸಿಗೆಗೂ ನಡುವೆ ಕೆಲವು ಬಾಗಿಲುಗಳಿವೆ. ಸಾಮಾನ್ಯ ಕಾಯಿಲೆಗಳಿಗೆ ಸರಕಾರಿ ಆಸ್ಪತ್ರೆಯಲ್ಲಿಯೇ ಚಿಕಿತ್ಸೆ ಪಡೆಯಬೇಕು. ದೊಡ್ಡ ಕಾಯಿಲೆಗೆ ಖಾಸಗಿ ಆಸ್ಪತ್ರೆ ಬೇಕಾದರೆ ಸರಕಾರಿ ವೈದ್ಯರ ಶಿಫಾರಸು ಪತ್ರ ಬೇಕು. ಜೀವಕ್ಕೆ ಅಪಾಯವಿರುವ ತುರ್ತಿನಲ್ಲಿ ಶಿಫಾರಸು ಬೇಕಿಲ್ಲ, ಆದರೆ ಆಸ್ಪತ್ರೆ ಮಾತ್ರ ಯೋಜನೆಯ ಪಟ್ಟಿಯಲ್ಲಿರಲೇಬೇಕು. ಮಾಮಾನ ಮನೆಯವರಿಗೆ ಈ ಕೊನೆಯ ಸಂಗತಿ ಗೊತ್ತಿರಲಿಲ್ಲ. ನನಗೆ ತಾನೆ ಎಲ್ಲಿ ಗೊತ್ತಿತ್ತು? ಹಳಗನ್ನಡ ವ್ಯಾಕರಣದ ಸೂತ್ರಗಳನ್ನು ವಿದ್ಯಾರ್ಥಿಗಳಿಗೆ ಬಾಯಿಪಾಠ ಮಾಡಿಸುವ ನಾನು ನಮ್ಮ ಮನೆಯ ಕಾರ್ಡು ಯಾವ ಆಸ್ಪತ್ರೆಯಲ್ಲಿ ನಡೆಯುತ್ತದೆಂಬ ಸೂತ್ರವನ್ನು ಕಲಿತಿರಲಿಲ್ಲ.

ಇದರಲ್ಲಿ ಒಂದು ವಿಪರ್ಯಾಸವುಂಟು. ಬಡವರ ದೊಡ್ಡ ಕಾಯಿಲೆಗಳಿಗೆ ಸರಕಾರವೇ ಹಣ ತೆರುವ ಪದ್ಧತಿ ಕರ್ನಾಟಕದಲ್ಲಿ ಕಾಲಿಟ್ಟದ್ದು ಬೆಂಗಳೂರಿನಲ್ಲಲ್ಲ, ನಮ್ಮ ಈ ಭಾಗದಲ್ಲಿಯೇ. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಯೋಜನೆಯನ್ನು ಮೊತ್ತಮೊದಲು ಜಾರಿಗೆ ತಂದದ್ದು ಅಂದಿನ ಗುಲಬರ್ಗಾ ವಿಭಾಗದಲ್ಲಿ. ಬೀದರ ಜಿಲ್ಲೆ ಅದರಲ್ಲಿ ಸೇರಿತ್ತು. ಕಂತು ಕಟ್ಟುವಂತಿರಲಿಲ್ಲ, ಹೆಸರು ನೋಂದಾಯಿಸುವ ಗೊಡವೆಯಿರಲಿಲ್ಲ, ಬಿ.ಪಿ.ಎಲ್. ಚೀಟಿಯೇ ಸಾಕಾಗಿತ್ತು. ಹೃದಯ, ಕ್ಯಾನ್ಸರ್, ಮೂತ್ರಪಿಂಡಗಳ ಚಿಕಿತ್ಸೆಗೆ ಕುಟುಂಬಕ್ಕೆ ಒಂದೂವರೆ ಲಕ್ಷ ರೂಪಾಯಿಯವರೆಗೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟು ಆಸ್ಪತ್ರೆಗೇ ನೇರವಾಗಿ ಹಣ ಸಲ್ಲಿಸುತ್ತಿತ್ತು. ನನಗೆ ಬಹುವಾಗಿ ಹಿಡಿಸುವ ಸಂಗತಿಯೆಂದರೆ ಅದರ ಆರೋಗ್ಯ ಶಿಬಿರಗಳು. ದೊಡ್ಡ ಆಸ್ಪತ್ರೆಗಳ ವೈದ್ಯರು ತಾವೇ ಹಳ್ಳಿಗಾಡಿಗೆ ಬಂದು ತಪಾಸಣೆ ನಡೆಸಿ, ಶಸ್ತ್ರಚಿಕಿತ್ಸೆ ಬೇಕಾದವರನ್ನು ಗುರುತಿಸುತ್ತಿದ್ದರು. ದಾರಿ ತೋರಿಸುವುದಕ್ಕೆ ಆರೋಗ್ಯಮಿತ್ರರಿದ್ದರು. ರೋಗಿ ಆಸ್ಪತ್ರೆಯನ್ನು ಹುಡುಕುವ ಬದಲು ಆಸ್ಪತ್ರೆ ರೋಗಿಯನ್ನು ಹುಡುಕಿ ಬಂದಂತಾಯಿತು.

ಫಲವೇನಾಯಿತೆಂಬುದು ಬರಿಯ ಹೊಗಳಿಕೆಯ ಮಾತಲ್ಲ. ಯೋಜನೆ ಇದ್ದ ಸೀಮೆ ಮತ್ತು ಇನ್ನೂ ಬಾರದಿದ್ದ ಸೀಮೆಗಳು ಕೂಡುವೆಡೆಯಲ್ಲಿ, ಅತ್ತ 300, ಇತ್ತ 272 ಹಳ್ಳಿಗಳನ್ನು ಆರಿಸಿಕೊಂಡು ಸಂಶೋಧಕರು ಮನೆಮನೆ ತಿರುಗಿ ಲೆಕ್ಕ ತೆಗೆದರು. 2014ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ ಅದನ್ನು ಪ್ರಕಟಿಸಿತು. ಯೋಜನೆಯ ವ್ಯಾಪ್ತಿಗೆ ಬರುವ ಕಾಯಿಲೆಗಳಿಂದಾಗುವ ಸಾವು, ಯೋಜನೆಯಿದ್ದ ಹಳ್ಳಿಗಳ ಬಡ ಕುಟುಂಬಗಳಲ್ಲಿ ಶೇಕಡಾ 64ರಷ್ಟು ಕಡಮೆಯಾಗಿತ್ತು. ಕೈಯಿಂದ ತೆರುವ ಆಸ್ಪತ್ರೆಯ ವೆಚ್ಚವೂ ತಗ್ಗಿತ್ತು. ಹಣದ ಏರ್ಪಾಡೊಂದೇ ಇಷ್ಟು ಮಾಡಿತೆಂದು ನಾನು ನಂಬಲಾರೆ. ಹುಡುಕಿಕೊಂಡು ಬಂದ ಆ ಶಿಬಿರಗಳ ಪಾಲೂ ಅದರಲ್ಲಿರಬೇಕು.

ಸಹಕಾರ ಸಂಘಗಳ ಸದಸ್ಯರಿಗಾಗಿ ಅದಕ್ಕೂ ಮೊದಲೇ, 2003ರಲ್ಲಿ, ಯಶಸ್ವಿನಿ ಬಂದಿತ್ತು. ಆಗ ತಿಂಗಳಿಗೆ 5 ರೂಪಾಯಿ, ವರ್ಷಕ್ಕೆ 60. ನಡುವೆ ನಿಂತುಹೋಗಿ 2023ರ ಜನವರಿಯಿಂದ ಮತ್ತೆ ಜೀವ ತಳೆದಾಗ ಹಳ್ಳಿಯ ನಾಲ್ವರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿಯ ಕಂತನ್ನು ಗೊತ್ತುಮಾಡಿದರು.

ಇನ್ನು ನಮ್ಮಂತಹ ಸಂಬಳದಾರರ ಪಾಡು. ಖಾಸಗಿ ವಿಮೆ ಮಾಡಿಸಿದ್ದೇವೆಂಬ ನೆಮ್ಮದಿಯಿಂದ ನಾವು ಪತ್ರವನ್ನು ಕಪಾಟಿನಲ್ಲಿಟ್ಟು ಮರೆಯುತ್ತೇವೆ. ನನ್ನ ಸಹೋದ್ಯೋಗಿಯೊಬ್ಬರ ಪತ್ರದಲ್ಲಿ ಕೋಣೆಯ ಬಾಡಿಗೆಗೆ ದಿನಕ್ಕೆ 3,000 ರೂಪಾಯಿಯ ಮಿತಿಯಿತ್ತು. ತಾಯಿಯವರಿಗೆ ಅನುಕೂಲವಾಗಲೆಂದು ಅವರು 6,000 ರೂಪಾಯಿಯ ಕೋಣೆ ಹಿಡಿದರು. ಹೆಚ್ಚಿನ ಬಾಡಿಗೆಯಷ್ಟೇ ತಮ್ಮ ಮೇಲೆ ಬೀಳುವುದೆಂದು ಅವರ ಎಣಿಕೆ. ಆದರೆ ಬಾಡಿಗೆಯ ಅರ್ಧವನ್ನು ಮಾತ್ರ ಒಪ್ಪಿದ ವಿಮೆಯವರು ವೈದ್ಯರ ಶುಲ್ಕ, ಶಸ್ತ್ರಚಿಕಿತ್ಸಾ ಕೊಠಡಿಯ ಶುಲ್ಕ ಇವುಗಳಲ್ಲಿಯೂ ಅರ್ಧವನ್ನೇ ಒಪ್ಪಿದರು! ಔಷಧಗಳು ಮಾತ್ರ ಆ ಕತ್ತರಿಯಿಂದ ಪಾರಾದವು. ಸಣ್ಣಕ್ಷರದಲ್ಲಿ ಅಚ್ಚಾದ ನಾಲ್ಕು ಸಾಲುಗಳ ಬೆಲೆ ಅವರಿಗೆ ಒಂದು ತಿಂಗಳ ಸಂಬಳ.

ಸುಧಾರಣೆಗಳು ಆಗಿಲ್ಲವೆಂದಲ್ಲ. ಮೊದಲೇ ಇದ್ದ ಕಾಯಿಲೆಗೆ ವಿಮೆ ಸಿಗಲು ಕಾಯಬೇಕಾದ ಗರಿಷ್ಠ ಅವಧಿಯನ್ನು ವಿಮಾ ನಿಯಂತ್ರಣ ಪ್ರಾಧಿಕಾರವು 2024ರಲ್ಲಿ ನಾಲ್ಕು ವರ್ಷಗಳಿಂದ ಮೂರಕ್ಕೆ ಇಳಿಸಿತು. ನಗದಿಲ್ಲದ ಚಿಕಿತ್ಸೆಯ ಕೋರಿಕೆಗೆ ಒಂದು ಗಂಟೆಯೊಳಗೆ ಉತ್ತರ ಕೊಡಬೇಕೆಂದು ವಿಧಿಸಿತು. ವೈಯಕ್ತಿಕ ಆರೋಗ್ಯ ವಿಮೆಯ ಕಂತಿನ ಮೇಲಿದ್ದ ಶೇಕಡಾ 18ರ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಇಲ್ಲವಾಯಿತು. 2017ರಲ್ಲಿ ಕೇಂದ್ರ ಸರಕಾರವು ಔಷಧಲೇಪಿತ ಸ್ಟೆಂಟಿಗೆ 29,600 ರೂಪಾಯಿಯ ಗರಿಷ್ಠ ಬೆಲೆ ಕಟ್ಟಿದ್ದೂ ದೊಡ್ಡ ಉಪಕಾರವೇ. ಆದರೂ ಮಾಮಾನ ಬಿಲ್ಲಿನಲ್ಲಿ ಸ್ಟೆಂಟಿನ ಬೆಲೆಗಿಂತ ಉಳಿದ ಬಾಬುಗಳೇ ಬಹಳ ಮುಂದೆ ಹೋಗಿದ್ದವು.

ಹಣದ ಮಾತಾಯಿತು. ರೋಗಿಯ ಸುರಕ್ಷತೆಯೆಂಬುದು ಮತ್ತೊಂದು. ಕಲ್ಯಾಣದ ಶರಣರಲ್ಲಿ ವೈದ್ಯ ಸಂಗಣ್ಣನೆಂಬವನಿದ್ದ. ತನ್ನ ಕಾಯಕದ ಪರಿಭಾಷೆಯಲ್ಲಿಯೇ ವಚನಗಳನ್ನು ಕಟ್ಟಿದವನು. ಅವನ ಊರಿನಲ್ಲಿ ಮಾಮಾ ಬಿಡುಗಡೆಯಾಗಿ ಬಂದ ಮೂರನೆಯ ವಾರ ಒಸಡಿನಿಂದ ರಕ್ತ ಒಸರತೊಡಗಿತು. ನಗರದ ಆಸ್ಪತ್ರೆ ರಕ್ತ ಹೆಪ್ಪುಗಟ್ಟದಂತೆ ಒಂದು ಮಾತ್ರೆ ಬರೆದಿತ್ತು. ಊರಿನ ವೈದ್ಯರೊಬ್ಬರು ಹಳೆಯ ಕಾಗದ ನೋಡದೆ ಅದೇ ಮಾತ್ರೆಯನ್ನು ಬೇರೆ ಕಂಪನಿಯ ಹೆಸರಿನಲ್ಲಿ ಬರೆದಿದ್ದರು. ಮಾಮಾ ನಿಷ್ಠೆಯಿಂದ ಎರಡನ್ನೂ ನುಂಗುತ್ತಿದ್ದರು. ಅದನ್ನು ಕಂಡುಹಿಡಿದವನು ಔಷಧದಂಗಡಿಯ ಹುಡುಗ. “ಕಾಕಾ, ಇವೆರಡೂ ಒಂದೇ ಅವ, ಒಂದು ಬಿಡ್ರಿ. ಡಾಕ್ಟರಿಗೆ ತೋರಸ್ರಿ” ಎಂದನಂತೆ. ಪೊಟ್ಟಣದ ಮೇಲೆ ಸಣ್ಣದಾಗಿ ಅಚ್ಚಾಗಿರುವ ಮೂಲ ಔಷಧದ ಹೆಸರನ್ನು ಓದುವವರು ನಮ್ಮ ಮನೆಗಳಲ್ಲಿ ಎಷ್ಟು ಮಂದಿ?

ಎದೆನೋವಿನ ಮೊದಲ ಗಂಟೆಗಳ ಬೆಲೆ ಎಂತಹದೆಂದು ಈಗ ಆ ಮನೆಗೆ ತಿಳಿದಿದೆ. 108ಕ್ಕೆ ಕರೆ ಮಾಡಿದರೆ ಉಚಿತವಾಗಿ ವಾಹನ ಬರುವ ಏರ್ಪಾಡು ರಾಜ್ಯದಲ್ಲಿ 2008ರಿಂದಲೂ ಇದೆ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಡಿ, ಅದು ಜಾರಿಗೆ ಬಂದ ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳಲ್ಲಿ ಇ.ಸಿ.ಜಿ. ತೆಗೆದು, ದೂರದ ಹೃದ್ರೋಗತಜ್ಞರ ಸಲಹೆ ಪಡೆದು, ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. ಕಲಬುರಗಿಯ ಜಯದೇವ ಹೃದ್ರೋಗ ಸಂಸ್ಥೆಗೆ 2024ರ ಡಿಸೆಂಬರಿನಲ್ಲಿ 371 ಹಾಸಿಗೆಗಳ ಹೊಸ ಕಟ್ಟಡ ಬಂದಿದೆ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371 (ಜೆ) ವಿಧಿಯನ್ನು ಆ ಸಂಖ್ಯೆ ನೆನಪಿಸುತ್ತದೆ.

ಕಳೆದ ತಿಂಗಳು ಮಾಮಾ ನಮ್ಮ ಮನೆಗೆ ಬಂದಿದ್ದರು. ತಪಾಸಣೆಗೆ ಹುಮನಾಬಾದಿನಿಂದ ರೈಲಿನಲ್ಲಿ ಕಲಬುರಗಿಗೆ ಹೋಗುವವರಿದ್ದರು. ಬಟ್ಟೆಯ ಚೀಲದಲ್ಲಿ ಪಡಿತರ ಚೀಟಿ, ಆಧಾರ್, ಕಾರ್ಡು, ಶಿಫಾರಸು ಪತ್ರ, ಹಳೆಯ ಇ.ಸಿ.ಜಿ. ಕಾಗದಗಳೆಲ್ಲ ಇದ್ದವು. ಮಾತ್ರೆಗಳ ಮೂಲ ಹೆಸರುಗಳನ್ನು ಮಗಳು ಕನ್ನಡದಲ್ಲಿ ಬರೆದುಕೊಟ್ಟಿದ್ದ ಚೀಟಿಯನ್ನು ನನಗೆ ಓದಿ ತೋರಿಸಿದರು. “ಆಕಿ ಪರೀಕ್ಷಾ ಫೀ ಈ ಸಲ ಕಟ್ಟೀನಿ” ಎಂದು ಹೇಳಿ ಚೀಲವನ್ನು ಹೆಗಲಿಗೇರಿಸಿ ಸ್ಟೇಷನ್ನಿನ ದಾರಿ ಹಿಡಿದರು.