ತಾರಸಿಯ ಮೇಲೆ ವಿಮಾನ ಕಟ್ಟಬಹುದೇ?

ಮಕ್ಕಳೇ, ಬಸವಕಲ್ಯಾಣದಿಂದ ಹುಮನಾಬಾದಿಗೆ ಹೋಗುವಾಗ ಸಾರಿಗೆ ಬಸ್ಸಿನ ಮೈಯನ್ನು ಗಮನಿಸಿದ್ದೀರಾ? ತಗಡುಗಳ ಅಂಚಿನಲ್ಲಿ ಗುಂಡುತಲೆಯ ಮೊಳೆಗಳಂತಹ ರಿವೆಟ್‌ಗಳು ಸಾಲಾಗಿ ಕಾಣುತ್ತವೆ. ಬೀದರಿನ ವಾಯುಪಡೆ ನೆಲೆಯಿಂದ ಹಾರುವ ತರಬೇತಿ ವಿಮಾನಗಳಲ್ಲೂ ಇಂತಹ ಸಾವಿರಾರು ರಿವೆಟ್‌ಗಳಿರುತ್ತವೆ.

ಹಾಗಾದರೆ ಮನೆಯಲ್ಲೇ ವಿಮಾನ ಕಟ್ಟಬಹುದೇ? ಮುಂಬೈನ ಪೈಲಟ್ ಅಮೋಲ್ ಯಾದವ್ ತಮ್ಮ ಮನೆಯ ತಾರಸಿಯ ಮೇಲೆ ಆರು ಆಸನಗಳ ಲೋಹದ ವಿಮಾನ ಕಟ್ಟಿದರು. 2016ರಲ್ಲಿ ಅದನ್ನು ಮುಂಬೈನ ಪ್ರದರ್ಶನವೊಂದರಲ್ಲಿ ಜನ ನೋಡಿದರು. ನಮ್ಮ ಬೆಂಗಳೂರಿನ ಎಚ್.ಎ.ಎಲ್. ಕಾರ್ಖಾನೆಯಲ್ಲಿ ವಿ. ಎಂ. ಘಾಟಗೆಯವರ ತಂಡ ರೂಪಿಸಿದ ಲೋಹದ ತರಬೇತಿ ವಿಮಾನ ಎಚ್.ಟಿ.-2 ಮೊದಲು ಹಾರಿದ್ದು 1951ರಲ್ಲಿ. ಕಾರ್ಖಾನೆ ದೊಡ್ಡದಿರಲಿ, ಚಿಕ್ಕದಿರಲಿ, ಕೆಲಸದ ತತ್ವ ಒಂದೇ.

ಯಾವ ಲೋಹ?

ಒಂದು ಘನ ಸೆಂಟಿಮೀಟರ್ ಕಬ್ಬಿಣ ಸುಮಾರು 7.9 ಗ್ರಾಂ ತೂಗುತ್ತದೆ. ಅಷ್ಟೇ ಅಲ್ಯೂಮಿನಿಯಂ 2.7 ಗ್ರಾಂ ಮಾತ್ರ. ಆದರೆ ಶುದ್ಧ ಅಲ್ಯೂಮಿನಿಯಂ ಮೆದು. ಜರ್ಮನಿಯ ಆಲ್ಫ್ರೆಡ್ ವಿಲ್ಮ್ 1906ರಲ್ಲಿ ಒಂದು ಸೋಜಿಗ ಕಂಡರು. ಸ್ವಲ್ಪ ತಾಮ್ರ, ಮೆಗ್ನೀಸಿಯಂ ಬೆರೆಸಿದ ಅಲ್ಯೂಮಿನಿಯಂ ಅನ್ನು ಕಾಯಿಸಿ, ಥಟ್ಟನೆ ತಣಿಸಿ ಬಿಟ್ಟರೆ, ಕೆಲವು ದಿನಗಳಲ್ಲಿ ಅದು ತಾನಾಗಿಯೇ ಗಟ್ಟಿಯಾಗುತ್ತದೆ! ಇದೇ ಡ್ಯುರಾಲುಮಿನ್ ಎಂಬ ಮಿಶ್ರಲೋಹ. ನಮ್ಮ ಬಿದ್ರಿ ಪಾತ್ರೆಯೂ ಮಿಶ್ರಲೋಹದ್ದೇ. ಅದರಲ್ಲಿ ಹೆಚ್ಚಿನ ಪಾಲು ಸತು, ಸ್ವಲ್ಪ ತಾಮ್ರ.

ತೆಳು ತಗಡು ಬಾಗುವುದಿಲ್ಲವೇ?

ಮಾಡಿ ನೋಡಿ: ಎರಡು ಪುಸ್ತಕಗಳ ನಡುವೆ ಸೇತುವೆಯಂತೆ ಒಂದು ಕಾಗದ ಇಟ್ಟು, ಮೇಲೆ ನಾಣ್ಯ ಇಡಿ. ಕಾಗದ ಕುಸಿಯುತ್ತದೆ. ಈಗ ಅದೇ ಕಾಗದವನ್ನು ಬೀಸಣಿಗೆಯಂತೆ ಮಡಿಸಿ, ಮಡಿಕೆಗಳು ಒಂದು ಪುಸ್ತಕದಿಂದ ಇನ್ನೊಂದಕ್ಕೆ ಚಾಚುವಂತೆ ಇಡಿ. ಎಷ್ಟು ನಾಣ್ಯ ಹೊತ್ತಿತು? ಕಾಗದ ಬದಲಾಗಿಲ್ಲ, ಆಕಾರ ಬದಲಾಗಿದೆ. ವಿಮಾನದ ರೆಕ್ಕೆಯಲ್ಲೂ ಹೀಗೆಯೇ. ಉದ್ದಕ್ಕೆ ಬೆನ್ನೆಲುಬಿನಂತಹ ತೊಲೆ, ಅಡ್ಡಕ್ಕೆ ಅಂಚು ಮಡಿಸಿದ ಪಕ್ಕೆಲುಬುಗಳು, ಮೇಲೆ ತಗಡಿನ ಹೊದಿಕೆ. ಮೂರೂ ಸೇರಿ ಭಾರ ಹೊರುತ್ತವೆ.

ಬೆಸುಗೆ ಏಕೆ ಬೇಡ?

ಬೆಸುಗೆಯ ಕಾವಿಗೆ ಈ ಮಿಶ್ರಲೋಹ ಗಳಿಸಿದ ಗಟ್ಟಿತನ ಆ ಜಾಗದಲ್ಲಿ ಕುಂದುತ್ತದೆ. ಆದ್ದರಿಂದ ಎರಡು ತಗಡುಗಳಿಗೆ ಒಟ್ಟಿಗೆ ತೂತು ಕೊರೆದು ರಿವೆಟ್ ತೂರಿಸುತ್ತಾರೆ. ಒಬ್ಬರು ಅದರ ತಲೆಗೆ ಸುತ್ತಿಗೆಯ ಯಂತ್ರ ಹಿಡಿಯುತ್ತಾರೆ. ಇನ್ನೊಬ್ಬರು ಹಿಂದೆ ಭಾರವಾದ ಉಕ್ಕಿನ ತುಂಡು ಒತ್ತಿಹಿಡಿಯುತ್ತಾರೆ. ಏಟಿಗೆ ರಿವೆಟ್‌ನ ತುದಿ ಚಪ್ಪಟೆಯಾಗಿ ಎರಡನೆಯ ತಲೆ ಮೂಡುತ್ತದೆ. ತಗಡುಗಳು ಬಿಗಿಯಾಗುತ್ತವೆ.

ಕೊರೆದ ತೂತಿನ ಅಂಚು ತರಕಲಾಗಿದ್ದರೆ ಅದನ್ನು ನುಣುಪು ಮಾಡಲೇಬೇಕು. ಏಕೆ? ಹಾರಾಟದಲ್ಲಿ ರೆಕ್ಕೆ ಮತ್ತೆ ಮತ್ತೆ ಬಾಗುತ್ತದೆ. ಆಗ ಆ ತರಕಲಿನಿಂದಲೇ ಕೂದಲೆಳೆಯಂತಹ ಬಿರುಕು ಹುಟ್ಟಿ ದಿನೇ ದಿನೇ ಬೆಳೆಯಬಹುದು. ತಂತಿಯನ್ನು ಹಲವು ಸಲ ಬಗ್ಗಿಸಿದರೆ ತುಂಡಾಗುವುದಿಲ್ಲವೇ, ಹಾಗೆ.

ಬಸ್ಸಿನ ರಿವೆಟ್ ಸಡಿಲವಾದರೆ ತಗಡು ಗಡಗಡ ಸದ್ದು ಮಾಡುತ್ತದೆ. ಚಾಲಕರು ರಸ್ತೆ ಬದಿಗೆ ನಿಲ್ಲಿಸಿ ನೋಡಬಹುದು. ಆಕಾಶದಲ್ಲಿ ಬದಿಗೆ ನಿಲ್ಲಿಸಲು ಜಾಗವಿಲ್ಲ! ಅದಕ್ಕೇ ಕಟ್ಟಿದವರ ಮಾತೊಂದೇ ಸಾಲದು. ಸರ್ಕಾರದ ತಜ್ಞರು ಪರೀಕ್ಷಿಸಿ ಒಪ್ಪಿದ ಮೇಲಷ್ಟೇ ಹಾರಾಟ. ಅಮೋಲ್ ಅವರ ವಿಮಾನ 2017ರಲ್ಲಿ ನೋಂದಣಿಯಾಯಿತು. ಆದರೂ ಪರೀಕ್ಷಾ ಹಾರಾಟದ ಅನುಮತಿ ಸಿಕ್ಕಿದ್ದು 2019ರಲ್ಲಿ.

ನಾಳೆ ಬಸ್ ಹತ್ತುವ ಮುನ್ನ ಒಂದು ರಿವೆಟ್ ಸಾಲನ್ನು ಎಣಿಸಿ. ಒಂದು ಕಿತ್ತುಹೋದರೆ ಅದರ ಭಾರ ಯಾರ ಮೇಲೆ ಬೀಳುತ್ತದೆ? ಯೋಚಿಸಿ, ನಿಮ್ಮ ಗುರುಗಳೊಂದಿಗೆ ಚರ್ಚಿಸಿ.