ಕ್ಯಾಪ್ಟನ್ ಇದ್ದರೂ ಪೈಲಟ್ ಯಾಕೆ?

ಪ್ರಶ್ನೆ: ಹಡಗಿಗೆ ಕ್ಯಾಪ್ಟನ್ ಇದ್ದರೂ ಬಂದರಿನ ಹತ್ತಿರ ಬೇರೆ ಪೈಲಟ್ ಹತ್ತುತ್ತಾರಂತೆ, ಯಾಕೆ? ಸ್ವೀಡನ್ನಿನಲ್ಲೂ ಹೀಗೆಯೇ?
– ಓದುಗರೊಬ್ಬರು, ಹುಣಸೂರು

ಉತ್ತರ: ನಿಮ್ಮ ಪಕ್ಕದ ಎಚ್.ಡಿ. ಕೋಟೆಗೆ ಹೋಗಿ ಕಬಿನಿ ಹಿನ್ನೀರು ನೋಡಿ. ನೀರಿಳಿದಾಗ ಒಣಮರದ ಬೊಡ್ಡೆಗಳು ತಲೆ ಎತ್ತುತ್ತವೆ. ತುಂಬಿದಾಗ ಅವು ಎಲ್ಲಿವೆಯೆಂದು ಬಲ್ಲವನು ದಿನಾ ದೋಣಿ ಬಿಡುವವನೇ. ಪೈಲಟ್ ಅಂದರೆ ಅಂಥವರು. ಕ್ಯಾಪ್ಟನ್‌ಗೆ ತನ್ನ ಹಡಗು ಗೊತ್ತು, ಪೈಲಟ್‌ಗೆ ಆ ಊರ ನೀರು ಗೊತ್ತು.

ಪಣಂಬೂರಿನ ನವಮಂಗಳೂರು ಬಂದರಿನಲ್ಲಿ ಅವರು ಪುಟ್ಟ ಲಾಂಚಿನಲ್ಲಿ ಬಂದು, ಸಾಗುತ್ತಿರುವ ಹಡಗಿನ ಮಗ್ಗುಲಲ್ಲಿ ಇಳಿಬಿಟ್ಟ ಹಗ್ಗದ ಏಣಿ ಹಿಡಿಯುತ್ತಾರೆ. ಬರೀ ಹಗ್ಗದೇಣಿಯಲ್ಲಿ 9 ಮೀಟರಿಗಿಂತ ಹೆಚ್ಚು ಹತ್ತಿಸುವಂತಿಲ್ಲ. ಲಾಂಚು ಅಲೆಯ ನೆತ್ತಿಗೇರಿದ ಕ್ಷಣದಲ್ಲೇ ಕಾಲಿಡಬೇಕು. ಇಳಿದಾಗ ಇಟ್ಟರೆ ಮರುಅಲೆ ಕಾಲನ್ನೇ ಜಜ್ಜೀತು. ಅಷ್ಟಾಗಿಯೂ ದಾರಿ ಹೇಳುವುದಷ್ಟೇ ಪೈಲಟ್ ಕೆಲಸ, ಹೊಣೆ ಕ್ಯಾಪ್ಟನ್ನರದೇ!

ಸ್ವೀಡನ್ನಿನಲ್ಲಿ ಪೈಲಟ್ ಇನ್ನೂ ಅನಿವಾರ್ಯ. ಸ್ಟಾಕ್‌ಹೋಮಿನ ಮುಂದೆ ದ್ವೀಪ, ಬಂಡೆ ಸೇರಿ ಸುಮಾರು 30,000; ಹಡಗು ಗಂಟೆಗಟ್ಟಲೆ ಅವುಗಳ ಸಂದಿಯಲ್ಲೇ ನುಸುಳಬೇಕು.